ಕಾಣದ ಡಿಸ್ಕಿನಲ್ಲಿ ಉಳಿದ ಪತ್ರ

ಸ್ನೇಹಲ್,

ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಬರೆಯುತ್ತಿದ್ದೇನೆ. ಕಾಗದಕ್ಕೆ ಹಿಟ್ಟು ಹತ್ತಿದೆ, ಝಾಡಿಸಿ ಓದು.

ನಾಲ್ಕು ದಿನದಿಂದ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಲು ಕೂತು, "ಆಯಿ, ಡಿಸ್ಕ್ ಕಾಣವಲ್ದು" ಎಂದು ನನ್ನ ಮೇಲೆ ಸಿಡುಕುತ್ತಿದ್ದೀ. ಇವತ್ತು ಧೂಳು ಒರೆಸುವಾಗ ನೋಡಿದೆ. ಡಿಸ್ಕಿಗೆ ಎರಡು ವೈರು. ಒಂದು ಕೂತಿದೆ, ಕೆಂಪಗಿನದು ಜೋತಾಡುತ್ತಿದೆ. ಬಿಚ್ಚಿದವಳು ನೀನೇ, ನಾನು ಮುಟ್ಟಿಲ್ಲ. ಸ್ವಿಚ್ ಆರಿಸಿ ಅದನ್ನು ಸಿಕ್ಕಿಸಿ ನೋಡು.

ಸ್ಕ್ರೂಗಳನ್ನು ಸಾಸಿವೆ ಡಬ್ಬಿಯಲ್ಲಿ ಇಡಬೇಡ. ನಿನ್ನೆ ಒಂದು ಒಗ್ಗರಣೆಗೆ ಬಿತ್ತು.

ರಾತ್ರಿಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದ ಭೀಮಶಿ ಮಾಸ್ತರರು ಮನೋಳಿಯಲ್ಲಿ ಹಾಸಿಗೆ ಹಿಡಿದು ಎರಡು ತಿಂಗಳಾಯಿತು. ಅವರಿಗೆ ಪತ್ರ ಬರೆಯುತ್ತೇನೆಂದರೆ, "ನಿನ್ನ ಅಕ್ಷರ ಸೊಟ್ಟ ಅದಾವ, ಆಯಿ, ನಾ ಟೈಪ್ ಮಾಡಿ ಕೊಡ್ತೇನಿ" ಅಂದೆ. ಈಗ ನೀನು ಟೈಪ್ ಮಾಡಿದ ಆ ಪತ್ರ ನಿನ್ನ ಕಾಣದ ಡಿಸ್ಕಿನೊಳಗೆ ಕೂತಿದೆ. ಡಿಸ್ಕ್ ಕಾಣುವ ತನಕ ಮಾಸ್ತರರು ಕಾಯುತ್ತಾರೇನು?

ಬೆಳಿಗ್ಗೆ ಕೈಯಿಂದಲೇ ಮತ್ತೆ ಬರೆದೆ. ಸೊಟ್ಟ ಅಕ್ಷರವೇ, ಆದರೆ ಅವರೇ ತಿದ್ದಿದ್ದು. ಹೆಸರು ನೋಡುವ ಮೊದಲೇ ಗುರುತು ಹಿಡಿಯುತ್ತಾರೆ.

ಉಳಿದ ಹಿಟ್ಟಿನ ರೊಟ್ಟಿ ನೀನು ಬಡಿ, ಸೊಟ್ಟಾದರೂ ಬೈಯುವುದಿಲ್ಲ. ನಾನು ಯರಗಟ್ಟಿಗೆ ಹೋಗಿ ಪತ್ರವನ್ನು ಟಪಾಲು ಡಬ್ಬಿಗೆ ಹಾಕಿಯೇ ಬರುತ್ತೇನೆ.

ಆಯಿ