ಹನ್ನೆರಡನೇ ಕೋಟೆಯ ಓದುಗರಿಗೆ

ಗದಗ, ಗಾಳಿಶಕೆ ಎಂಬತ್ತೆಂಟು, ಮಾಘಮಾಸ

ಮಾನ್ಯರೇ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಊರವರೇ ವಹಿಸಿಕೊಂಡ ವರ್ಷದಿಂದ ನಮ್ಮ ಶಕೆ ಮೊದಲಾಗುತ್ತದೆ. ನಿಮ್ಮಿಂದ ಎಣಿಸಿದರೆ ಐದಾರು ತಲೆಮಾರು ಆಚೆ. ನನ್ನ ಕನ್ನಡದಲ್ಲಿ ನಿಮಗೆ ಪರಿಚಯವಿಲ್ಲದ ಕೆಲವು ಮಾತುಗಳು ಬರುತ್ತವೆ. ಬಂದಲ್ಲೇ ಅರ್ಥ ಹೇಳುತ್ತೇನೆ; ಎಲ್ಲಾದರೂ ಮರೆತರೆ ಮನ್ನಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಒಂದು ಕಾದಂಬರಿಯಿಂದ ಮತ್ತು ಅದರ ಬಗ್ಗೆ ನೀವು ಬರೆದ ಅಭಿಪ್ರಾಯಗಳಿಂದ. ಆದ್ದರಿಂದ ನನ್ನ ಮಾತಿನಲ್ಲಿ ನಿಮ್ಮದೇ ದನಿ ಕೇಳಿಸಿದರೆ ಆಶ್ಚರ್ಯಪಡಬೇಡಿ.

ನನ್ನ ಹೆಸರು ಫಕೀರವ್ವ. ಕೆಲಸ ಮೈಗಾವಲು. ಹಣೆಪಟ್ಟಿ ಕಟ್ಟಿಕೊಂಡು ಆಟದೊಳಗೆ ಹೋದವರ ಮೈ ಹೊರಗೇ ಉಳಿಯುತ್ತದಲ್ಲ, ಆ ಮೈಯನ್ನು ನೋಡಿಕೊಳ್ಳುವವರಿಗೆ ಹೀಗೆನ್ನುತ್ತಾರೆ. ನೀವು ಕಣ್ಣಿಗೆ ಭಾರದ ಕನ್ನಡಕ ಹಾಕಿಕೊಂಡು ಕೈ ಬೀಸುತ್ತ ಆಡುತ್ತಿದ್ದಿರಂತೆ. ನಮ್ಮ ಹಣೆಪಟ್ಟಿ ಬೆರಳಗಲದ ಬಟ್ಟೆ, ಅಷ್ಟೆ. ಬೆಟಗೇರಿಯ ಹಳೆಯ ಹತ್ತಿ ಗಿರಣಿಯೇ ಈಗ ನಮ್ಮೂರಿನ ಮಲಗುಮನೆ. ಸಾಲು ಸಾಲು ಮಂಚಗಳು, ಮೇಲೆ ತಗಡಿನ ಚಾವಣಿ, ಅದರ ಮೇಲೆ ಬಿಸಿಲು ತಡೆಯಲು ಹಾಸಿದ ಹುಲ್ಲು. ಬೆಳಿಗ್ಗೆ ನಾವು ಮಲಗಿದವರ ಮಗ್ಗುಲು ಬದಲಿಸುತ್ತೇವೆ, ನಳಿಗೆಯಿಂದ ಬಾಯಿಗೆ ಗಂಜಿ ಬಿಡುತ್ತೇವೆ, ಹಿಮ್ಮಡಿಗೆ ಕುಸುಬೆ ಎಣ್ಣೆ ಹಚ್ಚುತ್ತೇವೆ, ಉಗುರು ಕತ್ತರಿಸುತ್ತೇವೆ. ಹೊತ್ತೇರಿದ ಮೇಲೆ ಯಾರೂ ಬೀದಿಗೆ ಇಳಿಯುವುದಿಲ್ಲ. ಮನೆಯಡಿ ತೋಡಿದ ನೆಲಮನೆಗಳಲ್ಲಿ ಕೂತು ಸಂಜೆಯಾಗುವುದನ್ನು ಕಾಯುತ್ತೇವೆ. ಜೋಳ ಈಗಲೂ ಬೆಳೆಯುತ್ತದೆ, ಆದರೆ ಬಲೆಯ ನೆರಳಿನಡಿ. ರೊಟ್ಟಿ ಮಾತ್ರ ನಿಮ್ಮ ಕಾಲದ್ದೇ ಇರಬೇಕು. ಆಟದೊಳಗೆ ಮಳೆ ಬರುತ್ತದೆ. ನಮ್ಮ ಹುಡುಗರು ಯಾಕೆ ಹೋಗುತ್ತಾರೆಂದು ನೀವು ಕೇಳಿದರೆ ನಾನು ಮೊದಲು ಹೇಳುವ ಉತ್ತರ ಇದು.

ಹಿಂದೆ ಹೋದವರು ಬರುತ್ತಿದ್ದರು. ಒಂದು ದಿನ, ಹೆಚ್ಚೆಂದರೆ ಎರಡು ದಿನ. ಮಂಚದ ತಲೆಗಡೆ ಒಂದು ಕರೆಗೊಳವೆ ಇರುತ್ತಿತ್ತು. ಮನೆಯವರು ಬಂದು ಅದರಲ್ಲಿ ಹೆಸರು ಕೂಗಿದರೆ ಒಳಗಿದ್ದವರಿಗೆ ಕೇಳುತ್ತಿತ್ತು. ಬೈದುಕೊಳ್ಳುತ್ತ ಎದ್ದು ಬರುತ್ತಿದ್ದರು. ಬೈಗುಳ ತಿಂದ ತಾಯಂದಿರು ನಗುತ್ತ ಮನೆಗೆ ಕರೆದುಕೊಂಡು ಹೋಗುತ್ತಿದ್ದರು.

ನನ್ನ ತಂಗಿ ನೀಲಗಂಗಾ ಆಟಕ್ಕಿಂತ ಹೆಚ್ಚಾಗಿ ಓದಿನ ಹುಡುಗಿ. ನಮ್ಮ ಓಣಿಯಲ್ಲಿ ಕಳಕಪ್ಪ ಮಾಸ್ತರರು ನಡೆಸುವ ಓದುಕಟ್ಟೆ ಇದೆ. ಸೂರ್ಯ ಏರುವ ಮುಂಚೆ ಹತ್ತಿಪ್ಪತ್ತು ಜನ ಸೇರಿ ಹಳೆಯ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾರೆ, ಆಮೇಲೆ ಜಗಳವಾಡುತ್ತಾರೆ. ಹಾಗೆ ಒಂದು ವರ್ಷ ನಿಮ್ಮ ಕಾಲದ 'ಹನ್ನೆರಡನೇ ಕೋಟೆ' ಕೈಗೆ ಬಂತು. ಹರೆಯದವರಿಗಾಗಿ ಬರೆದದ್ದು. ಇಂಚರ ಎಂಬ ಹುಡುಗಿ ಕನ್ನಡಕ ತೊಟ್ಟು ಕೋಟೆಗಳನ್ನು ಗೆಲ್ಲುತ್ತ ಹೋಗುತ್ತಾಳೆ. ಹನ್ನೆರಡನೆಯದನ್ನು ಗೆದ್ದವರು ಆಟದೊಳಗೇ ಉಳಿಯಬಹುದು. ಪ್ರತಿ ಅಧ್ಯಾಯದಲ್ಲೂ ಹೊರಗಿನಿಂದ ಅವಳ ತಾಯಿ ಊಟಕ್ಕೆ ಕರೆಯುತ್ತಾಳೆ. ಕೊನೆಗೆ ಕೋಟೆಯ ಬಾಗಿಲಲ್ಲಿ ನಿಂತ ಇಂಚರ ಆ ಕರೆ ಕೇಳಿ, ಕನ್ನಡಕ ತೆಗೆದು, ಕೋಣೆಯ ಚಿಲಕ ಸರಿಸುತ್ತಾಳೆ. ಕತೆ ಅಲ್ಲಿಗೆ ಮುಗಿಯುತ್ತದೆ. ಇದೆಲ್ಲ ನಿಮಗೆ ಗೊತ್ತಿರುವುದೇ.

ಪುಸ್ತಕದ ಹಿಂದೆಯೇ ನಿಮ್ಮ ಅಭಿಪ್ರಾಯಗಳೂ ಬಂದವು, ಸಾವಿರಾರು. ಕಟ್ಟೆಯ ಮೇಲೆ ಅವನ್ನೂ ಓದಿದೆವು. ಪುಸ್ತಕಕ್ಕಿಂತ ಅವೇ ರುಚಿಯಾಗಿದ್ದವೆಂದು ಒಪ್ಪಿಕೊಳ್ಳುತ್ತೇನೆ. "ಕೂತಲ್ಲೇ ಓದಿ ಮುಗಿಸಿದೆ, ಆದರೆ ಕೊನೆ ಮೋಸ" ಎಂದು ಒಬ್ಬರು. "ಆಟದ ಭಾಗ ಸೂಪರ್, ಮನೆಯ ಭಾಗ ಬೋರ್" ಎಂದು ಇನ್ನೊಬ್ಬರು. "ಎಷ್ಟು ಸಲ ನೀರು ಕುಡಿಯುತ್ತಾಳೆ ಈ ಹುಡುಗಿ?" ಎಂದು ಕೇಳಿದವರನ್ನು ನೆನೆದು ನಾವು ಬಹಳ ದಿನ ನಕ್ಕೆವು. ಪಾತ್ರಗಳು ಕಾಗದದ ಗೊಂಬೆಗಳು ಎಂದವರಿದ್ದರು. ತಾಯಿಯನ್ನು ತೆಗೆದುಹಾಕಿದ್ದರೆ ಐವತ್ತು ಪುಟ ಕಡಿಮೆಯಾಗುತ್ತಿತ್ತು ಎಂದವರಿದ್ದರು. ಆ ಕರೆಯೇ ಪುಸ್ತಕದ ಜೀವ ಎಂದು ವಾದಿಸಿದವರೂ ಇದ್ದರು, ಸ್ವಲ್ಪ ಜನ. ಮತ್ತೆ ಮತ್ತೆ, ಬೇರೆ ಬೇರೆ ಊರಿನವರು ಬರೆದ ಮಾತೊಂದಿತ್ತು: ಇಂಥ ಆಟ ನಿಜವಾಗಿ ಇದ್ದಿದ್ದರೆ ನಾನು ಹೊರಗೆ ಬರುತ್ತಲೇ ಇರಲಿಲ್ಲ.

ನೀಲಿ ಆ ಕಡೆಯವಳು.

"ಹನ್ನೊಂದು ಕೋಟೆ ಗೆದ್ದು ಬಾಗಲ್ದಾಗ ನಿಂತಾಕಿ, ಒಂದು ಊಟಕ್ಕ ಹೊಳ್ಳಿ ಬರ್ತಾಳಂದ್ರ ಯಾರ್ ನಂಬ್ತಾರ್ರಿ ಸರ?" ಎಂದಳು ಒಂದು ಬೆಳಿಗ್ಗೆ.

"ಊಟಕ್ಕ ಬರಲಿಲ್ಲ ಯವ್ವಾ ಆಕಿ. ಕರದಾಕಿ ಸಲುವಾಗಿ ಬಂದ್ಲು," ಎಂದರು ಮಾಸ್ತರರು.

"ಕರಿಯೋದೊಂದ ಕೆಲಸ ಆ ತಾಯಿಗೆ. ಬ್ಯಾರೆ ಏನರ ಮಾಡ್ತಾಳೇನು ಇಡೀ ಪುಸ್ತಕದಾಗ?"

ಮಾಸ್ತರರು ಸೋತೆನೆಂದು ಕೈ ಎತ್ತಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳ ಮಾತಿನಲ್ಲಿ ಹುರುಳಿತ್ತು. ಆ ತಾಯಿಯನ್ನು ಬರೆದವರು ಸರಿಯಾಗಿ ಬರೆದಿರಲಿಲ್ಲ.

ಆ ದಿನಗಳಲ್ಲೇ ಪೌರವಿ ಎಂಬಾಕೆ ಕಟ್ಟೆಗೆ ಬಂದರು. ಆಟ ಕಟ್ಟುವವರ ಕಡೆಯಿಂದ ಬಂದವರು. ಮೆದು ಮಾತು, ತಾಳ್ಮೆಯ ಮುಖ. ಹಳೆಯ ಕಾದಂಬರಿಯನ್ನು ಇಟ್ಟುಕೊಂಡು ಹೊಸ ಆಟ ಕಟ್ಟುತ್ತಿದ್ದೇವೆ, ಓದಿದವರಿಗೆ ಏನನಿಸಿತು ಎಂದು ತಿಳಿಯಬೇಕು ಎಂದರು. ನಮ್ಮ ಊರಿಗೆ ಬಂದು ನಮ್ಮ ಅನಿಸಿಕೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ನಾವು ಚಾಪೆ ಹಾಸಿದೆವು, ಚಹಾ ಕೊಟ್ಟೆವು. ನೀಲಿ ಬಿಸಿಲೇರುವ ತನಕ ಮಾತಾಡಿದಳು. ಪೌರವಿಯವರು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.

"ತುಂಬಾ ಚೆನ್ನಾಗಿ ಹೇಳಿದ್ರಿ," ಎಂದರು ಕೊನೆಗೆ. "ನಿಮ್ಮಂಥ ಓದುಗರಿಗಾಗಿಯೇ ನಾವಿರೋದು."

ಆ ಮಾತಿಗೆ ನೀಲಿಯ ಮುಖ ಅರಳಿದ್ದು ನನಗೆ ಈಗಲೂ ಕಾಣುತ್ತದೆ.

ಮರುವರ್ಷ ಆಟ ತೆರೆಯಿತು. ಅದಕ್ಕೂ ಪುಸ್ತಕದ ಹೆಸರೇ. ಮೊದಲ ದಿನ ಒಳಗೆ ಹೋದವರಲ್ಲಿ ನೀಲಿಯೂ ಇದ್ದಳು. ನಾಳೆ ಬರುತ್ತೇನೆಂದು ಅವ್ವನಿಗೆ ಹೇಳಿ ಹೋದಳು. ಅವಳ ಮೈಗೆ ಬೇರೆಯವರು ಬೇಡವೆಂದು ನಾನೇ ಕಾವಲು ವಹಿಸಿಕೊಂಡೆ. ನಾಳೆ ಕಳೆಯಿತು, ವಾರ ಕಳೆಯಿತು. ನಮ್ಮ ಅವ್ವ ದ್ಯಾಮವ್ವ ಮಲಗುಮನೆಗೆ ಬಂದು ಮಂಚದ ತಲೆಗಡೆ ಕೈಯಾಡಿಸಿದಳು.

"ಫಕೀರಿ, ಕೊಳವಿ ಎಲ್ಲೈತಿ?"

ಇರಲಿಲ್ಲ. ಹೊಸ ಆಟದ ಮಂಚಗಳಿಗೆ ಅದನ್ನು ಇಟ್ಟಿರಲೇ ಇಲ್ಲ. ಅವ್ವ ಕಿವಿಯ ಹತ್ತಿರ ಬಾಗಿ ಕೂಗಿದಳು. ಭುಜ ಅಲುಗಿಸಿದಳು. ನೀಲಿ ಚಿಕ್ಕವಳಿದ್ದಾಗ ಹಾಡುತ್ತಿದ್ದ ಪದ ಹಾಡಿದಳು. ಪಕ್ಕದ ಮಂಚಗಳ ತಾಯಂದಿರೂ ಅದನ್ನೇ ಮಾಡುತ್ತಿದ್ದರು. ಇಡೀ ಗಿರಣಿ ಹೆಸರುಗಳಿಂದ ತುಂಬಿಹೋಗಿತ್ತು, ಮಂಚದ ಮೇಲಿನ ಒಂದು ರೆಪ್ಪೆಯೂ ಅಲುಗುತ್ತಿರಲಿಲ್ಲ.

ನಾನು ಪೌರವಿಯವರನ್ನು ಕಂಡು ಕೇಳಿದೆ. ಅವರು ಸಿಟ್ಟಾಗಲಿಲ್ಲ, ಮುಚ್ಚಿಡಲೂ ಇಲ್ಲ. ಗೋಡೆಯ ಮೇಲೆ ನಿಮ್ಮ ಅಭಿಪ್ರಾಯಗಳನ್ನು ಮೂಡಿಸಿ ತೋರಿಸಿದರು. ನಿಮ್ಮವು, ನಿಮ್ಮ ನಂತರದವರವು, ನಮ್ಮ ಕಟ್ಟೆಯವು. ಹೆಚ್ಚು ಜನ ಬೇಡವೆಂದದ್ದನ್ನು ತೆಗೆದಿದ್ದರು, ಹೆಚ್ಚು ಜನ ಬಯಸಿದ್ದನ್ನು ಇಟ್ಟಿದ್ದರು. ಕರೆ ಬೇಡವೆಂದಿದ್ದಿರಿ, ತೆಗೆದರು. ಹೊರಗೆ ಬರುವ ಕೊನೆ ಬೇಡವೆಂದಿದ್ದಿರಿ, ಹೊರಬರುವ ಬಾಗಿಲನ್ನೇ ಇಲ್ಲವಾಗಿಸಿದರು. ಪದೇ ಪದೇ ನೀರು ಕುಡಿಯುವುದು ಬೇಸರವೆಂದಿದ್ದಿರಿ. ಹಣೆಪಟ್ಟಿ ಈಗ ಬಾಯಾರಿಕೆಯನ್ನೇ ಆರಿಸಿಬಿಡುತ್ತದೆ.

"ನಾವು ಸ್ವಂತದ್ದೇನೂ ಸೇರಿಸಿಲ್ಲ ಫಕೀರವ್ವ," ಎಂದರು. ಅದು ನಿಜ. ಅದು ನಿಜವೆಂಬುದೇ ನನಗೆ ಹೆದರಿಕೆ ಹುಟ್ಟಿಸಿತು.

ನಾನು ನಿಮ್ಮ ಮೇಲೆ ತಪ್ಪು ಹೊರಿಸುತ್ತಿಲ್ಲ. ಬೇಸರವಾದರೆ ಬೇಸರವಾಯಿತು ಎನ್ನಬೇಕು. ಓದುವವರ ಹಕ್ಕು ಅದು. ನೀವು ಒಂದು ಕತೆಯ ತಾಯಿಯ ಬಗ್ಗೆ ಹೇಳಿದಿರಿ. ಕೇಳಿಸಿಕೊಂಡವರು ನಮ್ಮೆಲ್ಲರ ತಾಯಂದಿರ ಬಗ್ಗೆ ಎಂದು ತೆಗೆದುಕೊಂಡರು.

ಮಲಗುಮನೆಯ ಕೆಲಸ ಬದಲಾಯಿತು. ಬಾಯಾರಿಕೆ ಇಲ್ಲದ ಮೈ ನುಂಗುವುದನ್ನು ಮರೆಯುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ನೀಲಿಯ ತುಟಿ ಬಿರಿಯಿತು, ಕೆನ್ನೆ ಇಳಿಯಿತು. ಎಣ್ಣೆ ಹಚ್ಚುವಾಗ ಕಾಲಿನ ಎಲುಬು ಅಂಗೈಗೆ ಸಿಗುತ್ತಿತ್ತು. ಆದರೂ ಅವಳ ಮುಖದಲ್ಲಿ ಮಳೆಯಲ್ಲಿ ನೆನೆಯುತ್ತಿರುವವರ ನಗು. ಬಾಗಿಲ ಬಳಿಯ ಮಂಚದ ಹುಡುಗ ಅದೇ ನಗುವಿನಲ್ಲಿ ತೀರಿಕೊಂಡ. ಅವನ ತಾಯಿ ನಂಬದೆ ಮಧ್ಯಾಹ್ನದವರೆಗೆ ಕರೆಯುತ್ತಲೇ ಇದ್ದಳು.

ಹದಿನೆಂಟು ತುಂಬುವ ಮುಂಚೆ ಮನೆಯವರು ಒಮ್ಮೆ ಮಾತ್ರ ಪಟ್ಟಿ ಬಿಚ್ಚಿಸಬಹುದೆಂದು ನಿಯಮವಿದೆ; ಅದಕ್ಕೇ ಅವ್ವ ಅದುವರೆಗೆ ತಡೆದಿದ್ದಳು. ಆ ಹುಡುಗನನ್ನು ಮಣ್ಣು ಮಾಡಿ ಬಂದ ಮರುದಿನವೇ ಅವ್ವ ಬಿಚ್ಚಿಸಿದಳು. ನೀಲಿ ಕಣ್ಣು ಬಿಟ್ಟಳು. ಅಳಲಿಲ್ಲ, ಹಟ ಮಾಡಲಿಲ್ಲ. ನಾವು ಹಿಡಿದುಕೊಂಡು ಮನೆಗೆ ತಂದೆವು. ಕುಡಿ ಎಂದರೆ ಕುಡಿಯುತ್ತಿದ್ದಳು, ಹೇಳದಿದ್ದರೆ ಇಲ್ಲ. ಕಳಕಪ್ಪ ಮಾಸ್ತರರು ಬಂದು ಹಳೆಯ ಜಗಳ ತೆಗೆದು ನೋಡಿದರು. ಅವಳು ಅವರ ಬಾಯಿಯನ್ನೇ ನೋಡುತ್ತ ಕೂತಳು.

ಒಂದು ಸಂಜೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನೀಲಿ ನನ್ನ ಪಕ್ಕ ಕೂತು ನೋಡುತ್ತಿದ್ದಳು. ಮೆಲ್ಲಗೆ ಕೇಳಿದಳು:

"ಅಕ್ಕ, ಈ ಭಾಗ ಇನ್ನ ಎಷ್ಟು ಉದ್ದ ಐತಿ?"

"ಯಾವ ಭಾಗ?"

"ಇದ. ಅವ್ವ ರೊಟ್ಟಿ ಬಡಿಯೋದು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮುಂದಿನ ಊರು ಎಷ್ಟು ದೂರ ಎಂದು ಬಸ್ಸಿನಲ್ಲಿ ಕೇಳುವ ಹಾಗೆ ಕೇಳಿದಳು. ಅವ್ವನಿಗೆ ಕೇಳಿಸಿತು. ಅವಳು ಮೊದಲಿಗಿಂತ ಬೇಗ ಬೇಗ ಬಡಿಯತೊಡಗಿದಳು, ಮುಗಿಸಿಬಿಡುವವಳ ಹಾಗೆ.

ಹದಿನೆಂಟು ತುಂಬಿದ ಬೆಳಿಗ್ಗೆ ನೀಲಿ ತಾನೇ ನಡೆದು ಗಿರಣಿಗೆ ಹೋದಳು. ಈಗ ಅವಳ ಪಟ್ಟಿ ಬಿಚ್ಚಿಸುವ ಹಕ್ಕು ಯಾರಿಗೂ ಇಲ್ಲ. ಅವ್ವ ದಿನಾ ಬರುತ್ತಾಳೆ. ಕೂಗುವುದನ್ನು ಬಿಟ್ಟಿದ್ದಾಳೆ. ಪಾದಕ್ಕೆ ಎಣ್ಣೆ ತಿಕ್ಕುತ್ತಾಳೆ, ತುಟಿಗೆ ಒದ್ದೆ ಬಟ್ಟೆ ಒತ್ತುತ್ತಾಳೆ. ಅವ್ವ ಕೇಳಿದಳೆಂದು ನಾನು ಮಂಚದ ಪಕ್ಕ ಕೂತು ಆ ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ತನ್ನ ಮಗಳು ಏನನ್ನು ಮೆಚ್ಚಿದಳು ಎಂದು ಅವಳಿಗೆ ತಿಳಿಯಬೇಕಿತ್ತು.

ಓದುಕಟ್ಟೆಯಲ್ಲಿ ಈಗ ಓದು ನಡೆಯುತ್ತದೆ, ಜಗಳ ನಡೆಯುವುದಿಲ್ಲ. ಪುಸ್ತಕ ಮುಗಿದ ಮೇಲೆ ಎಲ್ಲರೂ ಚಾಪೆ ಮಡಚಿ ಎದ್ದು ಹೋಗುತ್ತಾರೆ. ಹೇಗಿತ್ತು ಎಂದು ಮಾಸ್ತರರು ಕೇಳಿದರೆ ನೆಲ ನೋಡುತ್ತಾರೆ. ಗೋಡೆಗೆ ಕಿವಿಯಿದೆಯೆಂದಲ್ಲ, ತಾವು ಹೇಳಿದ್ದು ಈಡೇರಿಬಿಟ್ಟರೆ ಎಂಬ ಅಂಜಿಕೆ.

ಕಳೆದ ವಾರ ಪೌರವಿಯವರು ಮತ್ತೆ ಬಂದಿದ್ದರು. ಈ ಸಲ ಏಳೆಂಟು ವರ್ಷದ ಮಕ್ಕಳ ಕತೆಪುಸ್ತಕ. ಮಕ್ಕಳು ಅದನ್ನು ಓದಿ ಏನೆನ್ನುತ್ತಾರೆ ಎಂದು ಕೇಳಿ ತಿಳಿಯಬೇಕಂತೆ. ಯಾರೂ ಬಾಯಿ ಬಿಡಲಿಲ್ಲ. ಆಗ ಹಿಂದಿನ ಸಾಲಿನಿಂದ ಅವ್ವ ಎದ್ದು ನಿಂತಳು.

"ಆ ಕೋಟೆ ಪುಸ್ತಕದ ಬಗ್ಗೆ ನಂದೂ ಒಂದು ಮಾತೈತ್ರಿ. ಬರಕೊಳ್ರಿ."

"ಅದು ಹರೆಯದವರ ಪುಸ್ತಕ ಅಮ್ಮಾ," ಎಂದರು ಪೌರವಿಯವರು ಗೌರವದಿಂದಲೇ. "ನಿಮ್ಮ ವಯಸ್ಸಿನವರ ಅಭಿಪ್ರಾಯ ನಾವು ತಗೊಳ್ಳಲ್ಲ."

ಆದರೂ ಅವ್ವ ಹೇಳಿದಳು. ಯಾರೂ ಬರೆದುಕೊಳ್ಳಲಿಲ್ಲ. ನಾಳೆ ಅವರು ಮಕ್ಕಳ ಶಾಲೆಗೇ ಹೋಗುತ್ತಾರೆಂದು ಸುದ್ದಿ. ಮಕ್ಕಳು ಮಾತಾಡುತ್ತಾರೆ, ಮಕ್ಕಳನ್ನು ಯಾರು ತಡೆದಾರು?

ಈ ಪತ್ರ ನಿಮ್ಮನ್ನು ಮುಟ್ಟುವ ದಾರಿ ನನಗೆ ತಿಳಿಯದು. ಹಳೆಯ ಅಭಿಪ್ರಾಯಗಳು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಿ ನೋಡೋಣ ಎಂದಿದ್ದಾರೆ ಮಾಸ್ತರರು. ಮುಟ್ಟಿದರೆ ನನ್ನ ಕೋರಿಕೆ ಒಂದೇ. ನೀವು ಬರೆದದ್ದನ್ನು ಅಳಿಸಬೇಡಿ, ಬೈಯುವುದನ್ನೂ ಬಿಡಬೇಡಿ. ನಿಮ್ಮ ಸಾವಿರಾರು ಮಾತುಗಳ ನಡುವೆ ಎಲ್ಲಾದರೂ ಸ್ವಲ್ಪ ಜಾಗ ಮಾಡಿ ನಮ್ಮ ಅವ್ವನ ಅಭಿಪ್ರಾಯವನ್ನೂ ಸೇರಿಸಿ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಕೆಳಗೆ ಬರೆದಿದ್ದೇನೆ.

ನಿಮ್ಮ,
ಫಕೀರವ್ವ

"ಪುಸ್ತಕ ಚಲೋ ಐತಿ. ಹುಡುಗಿ ಶಾಣ್ಯಾಕಿ. ಆದ್ರ ಚಿಲಕ ತಗದು ಹೊರಗ ಬಂದಾಕಿ ಏನು ಉಂಡ್ಲು ಅಂತ ಬರದಿಲ್ಲ. ಅವರವ್ವ ಏನು ಮಾಡಿ ಇಟ್ಟಿದ್ಲು, ಬಿಸಿ ಇತ್ತೋ ಆರಿತ್ತೋ, ಒಂದು ಸಾಲು ಬರೀಬೇಕಿತ್ತು. ಅದನ್ನ ಓದಿದ್ರ ನಮ್ಮ ನೀಲಿಗೆ ಹಸಿವರ ಆಗ್ತಿತ್ತು."