ತೆಗೆಸಿದ ಎಚ್ಚರಿಕೆ

ಮಣಿನಗರ, ಅಹಮದಾಬಾದ್
೯ ಮಾರ್ಚ್ ೧೯೯೪

ಮಲ್ಲಿಕಾರ್ಜುನ ಸರ್ ಅವರಿಗೆ ನಮಸ್ಕಾರ.

ತನಗೆ ಗೊತ್ತಿಲ್ಲದ ಆಪ್ಷನ್ ಯಾರಾದರೂ ಟೈಪ್ ಮಾಡಿದರೆ, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಅಲ್ಲೇ ನಿಂತು ತಪ್ಪೆಂದು ಹೇಳಬೇಕು, ಸುಮ್ಮನಿರಬಾರದು ಎಂದು ಕಲಿಸಿದವರು ನೀವು. ನಾನು ಹಾಗೇ ಬರೆದಿದ್ದೆ. ಡೆಮೊಗೆ ಮುಂಚೆ, "ಅದನ್ನ ತೆಗೆದುಬಿಡಮ್ಮ, ಬಂದವರ ಎದುರಿಗೆ ಎರರ್ ಬೇಡ" ಅಂದವರೂ ನೀವೇ. ನಾನು ತೆಗೆದೆ.

ಆಮೇಲೆ ಯಾರೋ ಆಪ್ಷನ್ನಿನಲ್ಲಿ ಒಂದಕ್ಷರ ತಪ್ಪಿದರು. ಕಂಪೈಲರ್ ಬಾಯಿ ಬಿಡಲಿಲ್ಲ, ಆ ಆಪ್ಷನ್ನನ್ನು ಕೈಬಿಟ್ಟು ಕೆಲಸ ಮುಂದುವರಿಸಿತು. ಎರಡು ವಾರದ ಕೆಲಸ ಹಾಳಾಯಿತು. ನಿನ್ನೆ ಮೀಟಿಂಗಿನಲ್ಲಿ, ಎಚ್ಚರಿಕೆ ತೆಗೆದವರು ಯಾರೆಂದು ಡೈರೆಕ್ಟರ್ ಕೇಳಿದಾಗ ಎಲ್ಲರೂ ನನ್ನನ್ನೇ ನೋಡಿದರು. ನೀವು ಕನ್ನಡಕ ಒರೆಸಿಕೊಳ್ಳುತ್ತಿದ್ದಿರಿ.

ನಿಮ್ಮ ಮನೆಯವರು ರಮಾಮಣಿ ಅಕ್ಕ ಭಾನುವಾರ ಊಟಕ್ಕೆ ಕರೆದಿದ್ದಾರೆ. ಅವರ ಉಪ್ಪಿನಕಾಯಿ ಡಬ್ಬಿ ತೊಳೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ನಾನು ಬರುವುದಿಲ್ಲ. ಯಾಕೆಂದು ಅಕ್ಕನಿಗಾದರೂ ಬಾಯಿ ಬಿಟ್ಟು ಹೇಳಿ.

ಇತಿ,
ನಿಮ್ಮಲ್ಲೇ ಕಲಿತ
ಮೇದಿನಿ