ವಿಮಾನದ ಮೂತಿಯ ಮೇಲಿದ್ದವಳು

ವಿಚಿಟಾ, ಕ್ಯಾನ್ಸಸ್
೧೪ ಅಕ್ಟೋಬರ್ ೨೦೧೧

ನನ್ನ ಮುದ್ದು ಕೆಲ್ಸಿ,

ಹೇಗಿದ್ದೀಯ ಮಗಳೇ? ಆ ಮರಳುಗಾಡಿನ ಬಿಸಿಲಲ್ಲಿ ವಿಮಾನದ ಹೊಟ್ಟೆಯೊಳಗೆ ತೂರಿ ರಿಪೇರಿ ಮಾಡುವವಳಿಗೆ ಹೊತ್ತಿಗೆ ಸರಿಯಾಗಿ ಊಟವಾದರೂ ಸಿಗುತ್ತದೆಯೇ? ಇಲ್ಲಿ ನನ್ನ ಮಂಡಿಯೊಂದನ್ನು ಬಿಟ್ಟರೆ ಎಲ್ಲವೂ ನೆಟ್ಟಗಿದೆ. ನಿನ್ನಜ್ಜಿ ಎನಿಡ್ ಈ ವರ್ಷವೂ ಕುಂಬಳಕಾಯಿ ಪೈ ಸೀಯಿಸಿ, ಒಲೆಯನ್ನು ಬೈದಳು.

ಯುದ್ಧಕಾಲದಲ್ಲಿ ನಾನು ಬಾಂಬರ್ ವಿಮಾನದ ಮೂತಿಯ ಮೇಲೆ ಬರೆದ ಹೆಂಗಸನ್ನು ನಿಮ್ಮ ತಂಡದವರು ತೋಳಿಗೆ ಹೊಲಿದುಕೊಳ್ಳುವ ಪ್ಯಾಚಿಗೆ ಕೊಡಿ ಎಂದು ನೀನು ಹೋದ ತಿಂಗಳು ಕೇಳಿದಾಗ, ಫೋನಿಟ್ಟುಬಿಟ್ಟೆ. ನಿನ್ನ ಮೇಲಿನ ಸಿಟ್ಟಲ್ಲ ಅದು. ೧೯೪೪ರಲ್ಲಿ ನಾವಿದ್ದದ್ದು ಇಂಗ್ಲೆಂಡಿನ ಸಫೋಕಿನಲ್ಲಿ. ಕ್ಯಾಲೆಂಡರಿನ ಚೆಲುವೆಯನ್ನು ನೋಡಿಕೊಂಡು ಹೊಸ ವಿಮಾನಕ್ಕೆ ಒಬ್ಬಳನ್ನು ಬರೆಯುತ್ತಿದ್ದೆ. ಅರ್ಧ ಬರೆದವಳ ಜೊತೆ ಹಾರಬಾರದು ಎಂಬುದು ನಮ್ಮ ಹುಡುಗರ ನಂಬಿಕೆ. ಅವಳ ಬಲಗಾಲು ಮಂಡಿಯ ಕೆಳಗೆ ಬಾಕಿಯಿತ್ತು, ಬೆಳಿಗ್ಗೆಯೇ ಹಾರುವ ಅಪ್ಪಣೆ ಬಂತು. ಪೈಲಟ್ ಹಾಲಿಸ್, "ಏನಯ್ಯಾ ಟೀಗ್, ಒಂಟಿಕಾಲಿನವಳನ್ನ ಕಟ್ಕೊಂಡು ಹೋಗ್ಬೇಕಾ ನಾವು?" ಎಂದು ನಗುತ್ತಲೇ ಒಳಗೆ ಹತ್ತಿದ. ಹತ್ತು ಜನ ಹೋದರು, ಒಬ್ಬನೂ ಮರಳಲಿಲ್ಲ. ಆಮೇಲೆ ನಾನು ಕುಂಚ ಮುಟ್ಟಲಿಲ್ಲ.

ಕೊನೆಗೆ ಆ ಅರ್ಧ ಬರೆದವಳ ಹಳೆಯ ಫೋಟೊ ಹಿಡಿದು ಕಸೂತಿ ಅಂಗಡಿಯ ಗ್ವೆನ್ ಬಳಿಗೆ ಹೋದೆ. ಬೈಕಿನವರ ಜಾಕೆಟ್ಟು, ಟೋಪಿ, ಚೀಲ ಎಲ್ಲಕ್ಕೂ ಅವಳು ಹೊಲಿಯುವ ಚೆಲುವೆಯರು ನಮ್ಮ ವಿಮಾನಗಳ ಮೇಲಿದ್ದ ಚೆಲುವೆಯರ ಮೊಮ್ಮಕ್ಕಳೇ ಕಣೇ. ಅದೇ ಓರೆನೋಟ, ಅದೇ ತುಟಿಬಣ್ಣ. ಫೋಟೊ ನೋಡಿ, "ಟೀಗ್ ತಾತ, ನಿಮ್ ಕಾಲ್ದಲ್ಲಿ ಬಟ್ಟೆಗೂ ರೇಷನ್ ಇತ್ತಾ?" ಎಂದಳು. ನಿಜಕ್ಕೂ ಇತ್ತು! ನಿಮ್ಮ ಕಮಾಂಡರ್ ತುಂಡುಬಟ್ಟೆ ಒಪ್ಪುವುದಿಲ್ಲ ಎಂದಿದ್ದೆಯಲ್ಲ, ಅದಕ್ಕೇ ಅವಳಿಗೆ ನಿನ್ನಂಥದೇ ಎಣ್ಣೆಕಲೆಯ ಕೆಲಸದಂಗಿ ತೊಡಿಸಿ, ಕೈಗೊಂದು ಸ್ಪ್ಯಾನರ್ ಕೊಟ್ಟೆ. ಬಲಗಾಲು ಬರೆಯಲು ಮೂರು ದಿನ ಹಿಡಿಯಿತು. ಆದರೂ ಮುಗಿಸಿದೆ. ಇದರ ಜೊತೆ ಹನ್ನೆರಡು ಪ್ಯಾಚು ಕಳಿಸಿದ್ದೇನೆ, ಧೈರ್ಯವಾಗಿ ಹಾಕಿಕೊಳ್ಳಿ.

ನಿನ್ನನ್ನೂ ನಿನ್ನ ಕೈಯಿಂದ ಮೇಲೇರುವ ವಿಮಾನಗಳನ್ನೂ ದೇವರು ಕಾಯಲಿ.

ನಿನ್ನ ಅಜ್ಜ,
ಆರ್ವಿಲ್ ಟೀಗ್

ಮರೆತ ಮಾತು: ಆ ಕಾಲು ಯಾಕೆ ಬಾಕಿಯಾಯಿತು ಎಂದು ನೀನು ಕೇಳದೆ ಬಿಡುವವಳಲ್ಲ. ಹಿಂದಿನ ಸಂಜೆ ಇನ್ನೊಂದು ಗಂಟೆ ಕೂತಿದ್ದರೆ ಮುಗಿಯುತ್ತಿತ್ತು. ನಾನು ಕುಂಚ ತೊಳೆದಿಟ್ಟು ಹಳ್ಳಿಯಲ್ಲಿ ನಡೆಯುತ್ತಿದ್ದ ಡ್ಯಾನ್ಸಿಗೆ ಓಡಿದೆ. ಅರವತ್ತೇಳು ವರ್ಷ ಯಾರಿಗೂ ಹೇಳಿಲ್ಲ, ಎನಿಡ್‌ಗಂತೂ ಹೇಳಲಾರೆ. ಅವಳು ನನಗೆ ಸಿಕ್ಕಿದ್ದೇ ಆ ಸಂಜೆ. ಹೋಗಬಾರದಿತ್ತು ಎನ್ನಲು ಬಾಯಿ ತೆರೆದಾಗಲೆಲ್ಲ ನೀನು ಕಣ್ಣ ಮುಂದೆ ಬರುತ್ತೀಯ.